ನೋಡಿದ್ದಕ್ಕೆ ಕೂಲಿ

ಮಾನ್ವಿಯಿಂದ ಹೊರಟ ಮೋಟಾರು ಕಲ್ಲೂರು ಮುಟ್ಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಲಡಾಯಿಯ ಕಾಲ. ಪೆಟ್ರೋಲು ಸಿಗದೆ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದ ಗಾಡಿ ಅದು. ಏರು ಬಂದಲ್ಲೆಲ್ಲ ಟಿಕೀಟು ಕೊಂಡವರೇ ಇಳಿದು ತಳ್ಳಬೇಕು. ತಳ್ಳುವಾಗ ನನ್ನ ಸೊಂಟ ಹಿಡಿಯಬಹುದಿತ್ತು. ರಾಯಚೂರಿನಲ್ಲಿ ಅಂಗಡಿ ಮುಚ್ಚಿರಬಹುದಿತ್ತು. ತೆರೆದಿದ್ದರೂ ಅಂಗಡಿಯವ ನನ್ನ ಗುರುತು ಹಿಡಿಯದಿರಬಹುದಿತ್ತು. ಹಿಡಿದರೆ ಇನ್ನೂ ಕಷ್ಟ. ನನ್ನ ಜೇಬಿನಲ್ಲಿದ್ದ ಚಾಳೀಸಿನ, ಅಂದರೆ ಕನ್ನಡಕದ, ಗಾಜು ಕುಲುಕಾಟಕ್ಕೆ ಒಡೆಯಬಹುದಿತ್ತು. ಒಡೆದ ಗಾಜು ನೇರವಾಗಿ ಎದೆಗೆ ಚುಚ್ಚಬಹುದಿತ್ತು. ಅದೂ ಆಗದಿದ್ದರೆ ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆದು, ಯಾರೋ ಪೊಲೀಸರನ್ನು ಕರೆದು, ನಾನು ಚಾವಡಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತದ್ದನ್ನು ನಮ್ಮ ಶಾಲೆಯ, ಆಗಿನ ಮಾತಿನಲ್ಲಿ ಮದರಸಾದ, ಹೆಡ್‌ಮಾಸ್ತರರು ಕಂಡು, ನನ್ನ ನೌಕರಿ ಹೋಗಿ, ಹದಿನೈದು ದಿನಕ್ಕಿದ್ದ ಮಗಳ ಮದುವೆ ನಿಂತು, ನನ್ನ ಹೆಂಡತಿ...

ಇಷ್ಟನ್ನೂ ನಾನು ಯೋಚಿಸಿ ಮುಗಿಸಿದ್ದು ಮೋಟಾರು ಹೊರಡುವ ಮೊದಲೇ! ನಲವತ್ತು ವರ್ಷದಿಂದ ಹೀಗೇ ಬದುಕಿದ್ದೇನೆ. ಲೆಕ್ಕದ ಮಾಸ್ತರನಾದ್ದರಿಂದ ಕೆಡುಕನ್ನು ಕೂಡಿಸುವುದು ಬೇಗ ಬರುತ್ತದೆ. ಕಳೆಯುವುದು ಮಾತ್ರ ಬರುವುದಿಲ್ಲ. ಆದರೆ ಅಂದಿನ ಭಯವೆಲ್ಲ ನನ್ನ ಸ್ವಭಾವದ ತಪ್ಪಲ್ಲ. ಅದರ ಮೂಲ ಕಾರಣ ನನ್ನ ಪಕ್ಕದಲ್ಲೇ ಕುಳಿತು, ತೊಡೆಯ ಮೇಲೊಂದು ಗಂಟು ಇಟ್ಟುಕೊಂಡು, ಎಲೆಯಡಿಕೆ ಜಗಿಯುತ್ತಿತ್ತು. ನನ್ನ ಸೋದರತ್ತೆ.

ನಮ್ಮತ್ತೆಯ ವಿಷಯದಲ್ಲಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಕೆ ಜೀವಮಾನದಲ್ಲಿ ಒಂದೇ ಒಂದು ಸಾಮಾನನ್ನೂ ಕೊಂಡವಳಲ್ಲ! ಅಂಗಡಿಗೆ ಹೋಗುತ್ತಿದ್ದಳು, ಚೌಕಾಸಿ ಮಾಡುತ್ತಿದ್ದಳು, ರೊಕ್ಕ ಎಣಿಸಿ ಕೊಡುತ್ತಿದ್ದಳು, ಸಾಮಾನನ್ನು ಮನೆಗೂ ತರುತ್ತಿದ್ದಳು. ಇದನ್ನು ನೀವು ನಾವು ಕೊಳ್ಳುವುದು ಎನ್ನುತ್ತೇವೆ. ಆಕೆಯ ಪ್ರಕಾರ ಅದು ಬರೀ ತಹಕೀಕಾತಿನ ಆರಂಭ. ಮನೆಗೆ ತಂದ ಸಾಮಾನು ಆರೋಪಿ, ಅಂಗಡಿಯವ ಅದರ ಜತೆಗಾರ. ತಪ್ಪು ಸಾಬೀತಾಗುವುದು ಎಷ್ಟು ದಿನಕ್ಕೆ ಎನ್ನುವುದಷ್ಟೇ ಪ್ರಶ್ನೆ.

ಈ ತಹಕೀಕಾತಿಗೆ ಆಕೆಯದು ಒಂದೇ ವಿಧಾನ: ನೀರು. ಇದಕ್ಕೂ ಕಾರಣವುಂಟು. ನಮ್ಮದು ಕುರಿ ಸಾಕಿ ಕಂಬಳಿ ನೇಯ್ದ ಮನೆತನ. ಕಂಬಳಿ ಚೆನ್ನಾಗಿದೆಯೋ ಇಲ್ಲವೋ ನೋಡಬೇಕಾದರೆ ನಾಲ್ಕು ಮೂಲೆ ಹಿಡಿದು ನಡುವೆ ಒಂದು ತಂಬಿಗೆ ನೀರು ಸುರಿಯುತ್ತೇವೆ. ನೂಲು ಬಿಗಿಯಾಗಿದ್ದು, ಹುಣಸೆಬೀಜದ ಗಂಜಿ ಸರಿಯಾಗಿ ಕುಡಿದಿದ್ದರೆ ಒಂದು ಹನಿಯೂ ಕೆಳಗೆ ಬೀಳುವುದಿಲ್ಲ. ಗಂಡ ತೀರಿಕೊಂಡ ಮೇಲೆ ಅತ್ತೆ ದೇವದುರ್ಗದ ತನ್ನ ಮನೆಯಲ್ಲಿ ತಾನೇ ಮಗ್ಗಕ್ಕೆ ಕುಳಿತಳು. ಹೆಂಗಸು ಮಗ್ಗಕ್ಕೆ ಕೂಡುವುದೇ ಎಂದು ಊರು ನಾಲ್ಕು ದಿನ ಆಡಿಕೊಂಡು, ಐದನೆಯ ದಿನ ಆಕೆಯ ಕಂಬಳಿಗೆ ನೀರು ಹೊಯ್ದು ನೋಡಿ ಸುಮ್ಮನಾಯಿತು. ಅಲ್ಲಿಂದ ಮುಂದೆ ಜಗತ್ತಿನ ಯಾವ ವಸ್ತುವೂ ನೀರಿನ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ.

ಛತ್ರಿಯ ಕಥೆ ಕೇಳಿ. ದೇವದುರ್ಗದ ಬಜಾರಿನಲ್ಲಿ ಕೊಂಡದ್ದು. ಮನೆಗೆ ತಂದವಳೇ ಅದನ್ನು ಬಿಚ್ಚಿ, ತಲೆಕೆಳಗು ಮಾಡಿ ಬೇವಿನ ಕೊಂಬೆಗೆ ಕಟ್ಟಿ, ಒಳಗೆ ಎರಡು ಕೊಡ ನೀರು ಸುರಿದಳು. ಪಾಪ, ಛತ್ರಿ ಮಧ್ಯಾಹ್ನದವರೆಗೆ ತಡೆದುಕೊಂಡಿತು. ಆಮೇಲೆ ತೊಟಕ್ ಎಂದಿತು. ಅತ್ತೆ ಅದೇ ಒದ್ದೆ ಛತ್ರಿಯನ್ನು ಹಿಡಿದು ಅಂಗಡಿಗೆ ನಡೆದಳು.

"ಯವ್ವಾ, ಛತ್ರಿ ಅಂದ್ರ ತಲಿ ಮ್ಯಾಲ ಹಿಡಿಯೋದು! ಕೊಡಗಟ್ಲೆ ನೀರು ತುಂಬೋದಲ್ಲ!" ಎಂದ ಅಂಗಡಿಯವ.

"ಮಳಿ ಏನು ನಿನ್ನ ಕೇಳಿ ಅಳತಿ ಮಾಡಿ ಸುರೀತದನು?"

"ವಾಪಸ್ ತಗೋತೀನಿ. ಖರೆ ಒಣಗಿಸೋ ಕೂಲಿ ಎರಡಾಣೆ ಮುರಕೋತೀನಿ."

"ನೀ ಯಾಕ ತ್ರಾಸ ತಗೋತಿ? ನಾನ ಒಣಗಸ್ತೀನಿ ಬಿಡು" ಎಂದು ಅತ್ತೆ ಅಂಗಡಿಯ ಬಾಗಿಲಲ್ಲೇ ಛತ್ರಿ ಬಿಚ್ಚಿಟ್ಟು ಪಕ್ಕದಲ್ಲಿ ಕುಳಿತಳು. ಬಂದ ಗಿರಾಕಿಗೆಲ್ಲ ಇದು ಯಾಕೆ ಒದ್ದೆಯಾಗಿದೆ, ಎಷ್ಟು ಹೊತ್ತಿಗೆ ಸೋರಿತು, ಯಾವ ಹೊಲಿಗೆಯಲ್ಲಿ ಸೋರಿತು ಎಂದು ವಿವರಿಸಿದಳು. ಹೊತ್ತು ಇಳಿಯುವಷ್ಟರಲ್ಲಿ ಅಂಗಡಿಯವ ಪೂರಾ ರೊಕ್ಕ ತಂದು ಕೈಯಲ್ಲಿಟ್ಟು, "ಹೋಗವ್ವಾ, ನಿನ್ನ ಕಾಲು ಬೀಳ್ತೀನಿ" ಎಂದ. ಅತ್ತೆ ಎದ್ದಳೆ? ಇಲ್ಲ!

"ಇಷ್ಟೊತ್ತು ನಿನ್ನ ಛತ್ರಿ ಕಾದೀನಲ್ಲಪ್ಪಾ, ಅದರ ಕೂಲಿ?"

ಮಾನ್ವಿಯ ಟ್ರಂಕಿನದು ಇನ್ನೊಂದು ನಮೂನೆ. ನಾನೇ ಕೊಡಿಸಿದ್ದೆ, ಹಾಗಾಗಿ ನಮ್ಮ ಮನೆಯಂಗಳದಲ್ಲೇ ವಿಚಾರಣೆ. ಕಂಠಮಟ್ಟ ನೀರು ತುಂಬಿ ಬಿಟ್ಟಳು. ಒಂದು ದಿನ ಸೋರಲಿಲ್ಲ. ಎರಡು ದಿನ ಸೋರಲಿಲ್ಲ. ನನಗೆ ಒಳಗೊಳಗೇ ಖುಷಿ. ಅತ್ತೆಗೆ ಅನ್ನ ಸೇರಲಿಲ್ಲ. "ಹಿಂಗ ಸೋರಲಾರದ ಇರಬೇಕಾದ್ರ ಏನೋ ಮೋಸ ಅದ ಲೇ" ಎಂದು ಟ್ರಂಕಿನ ಸುತ್ತ ಪ್ರದಕ್ಷಿಣೆ ಹಾಕಿದಳು. ನಾಲ್ಕನೆಯ ದಿನ ನೀರು ಚೆಲ್ಲಿ, ಅದನ್ನು ನನ್ನ ತಲೆಯ ಮೇಲೆ ಹೊರಿಸಿಕೊಂಡು ಅಂಗಡಿಗೆ ಹೋದಳು. ಅಂಗಡಿಯವ ಕೇಳಿದ: "ಸೋರ್ತದನವ್ವಾ?"

"ಸೋರೂದಿಲ್ಲ. ತುಕ್ಕ ಹಿಡದದ."

ಇಂಥ ಅತ್ತೆಗೆ ನಾನು ಚಾಳೀಸು ತಂದದ್ದು ಯಾಕೆ ಎಂದು ನೀವು ಕೇಳಬಹುದು. ಕೇಳಿ. ನನ್ನ ಹೆಂಡತಿಯೂ ಕೇಳಿದಳು.

ನಮ್ಮ ಮನೆತನದಲ್ಲಿ ಮದುಮಕ್ಕಳು ಕೂಡುವುದು ಕರಿ ಕಂಬಳಿಯ ಗದ್ದಿಗೆಯ ಮೇಲೆ. ಆ ಕಂಬಳಿ ಸೋದರತ್ತೆಯ ಕೈಯಿಂದ ಬರಬೇಕು. ನನ್ನ ಮದುವೆಗೆ ಅತ್ತೆ ನೇಯ್ದ ಕಂಬಳಿ ಇಪ್ಪತ್ತೆರಡು ವರ್ಷವಾದರೂ ನನ್ನ ಹೆಗಲ ಮೇಲಿದೆ. ಚಳಿ, ಮಳೆ, ಇನ್‌ಸ್ಪೆಕ್ಟರರ ಭೇಟಿ, ಎಲ್ಲವನ್ನೂ ತಡೆದಿದೆ. ಈಗ ಮಗಳ ಮದುವೆ ಕೂಡಿಬಂದಾಗ, ನನಗೆ ಅಕ್ಕತಂಗಿಯರಿಲ್ಲದ್ದರಿಂದ, ಅತ್ತೆಯೇ, "ನನ್ನ ಮೊಮ್ಮಗಳ ಗದ್ದಿಗಿ ನಾನ ನೇಯ್ತೀನಿ. ಇದ ಕಡೀದು. ಇದಾದ ಮ್ಯಾಲ ಮಗ್ಗ ಬಿಚ್ಚಿಡ್ತೀನಿ" ಎಂದಳು. ಮೂರು ತಿಂಗಳು ಕುಳಿತು ನೇಯ್ದಳು. ನಡುವೆ ಒಮ್ಮೆ ದೇವದುರ್ಗಕ್ಕೆ ಹೋದಾಗ ನೋಡಿದೆ: ಎಳೆ ಹುಡುಕಲು ಆಕೆಯ ಬೆರಳು ಮಗ್ಗದ ಮೇಲೆ ತಡವರಿಸುತ್ತಿದ್ದವು. ಪಾಠದ ಸಾಮಾನು ತರಲು ರಾಯಚೂರಿಗೆ ಹೋದಾಗ ಒಂದು ಚಾಳೀಸು ಕೊಂಡೆ. "ವಯಸ್ಸೆಷ್ಟು?" ಎಂದ ಅಂಗಡಿಯವ. "ಅರವತ್ತು" ಎಂದೆ. ಅರವತ್ತರ ಡಬ್ಬಿಯಿಂದ ಒಂದನ್ನು ತೆಗೆದು ಒಗೆದ. ಆಗ ಕಣ್ಣಿನ ಪರೀಕ್ಷೆ ಎಂದರೆ ಇಷ್ಟೇ.

ಆದರೆ ನಾನು ಚಾಳೀಸು ಕೊಡುವಷ್ಟರಲ್ಲಿ ಕಂಬಳಿಯೇ ಮುಗಿದಿತ್ತು. ಅತ್ತೆ ಅದನ್ನು ಹೊತ್ತು ಮಾನ್ವಿಗೆ ಬಂದು, ನಡುಮನೆಯಲ್ಲಿ ಹಾಸಿ, ದೂರ ನಿಂತು ನಮ್ಮ ಮುಖ ನೋಡಿದಳು. ಕಂಬಳಿಯ ಅಂಚಿಗೆ ಉದ್ದಕ್ಕೂ ಮೂರು ಬಿಳಿ ಗೆರೆ ಬರುತ್ತವೆ, ಅದೇ ಆಕೆಯ ಗುರುತು. ಹೊಸ ಕಂಬಳಿಯಲ್ಲಿ ಆ ಗೆರೆಗಳು ಹೊಳೆ ದಾಟುವ ಕುರಿಗಳ ಹಾಗೆ ಅತ್ತಿತ್ತ ಹೋಗಿದ್ದವು. ಹರಿದ ಎಳೆಯನ್ನು ಅದರದೇ ಇನ್ನೊಂದು ತುದಿಗೆ ಗಂಟು ಹಾಕದೆ ಪಕ್ಕದ ಎಳೆಗೆ ಹಾಕಿದ್ದಳು. ಬಿಳಿಯೊಳಗೆ ಕರಿ, ಕರಿಯೊಳಗೆ ಬಿಳಿ. ಹೆಂಡತಿ ನನ್ನ ಬೆನ್ನು ಚಿವುಟಿದಳು. ನಾನು, "ಭಾಳ ಚಂದ ಆಗ್ಯದ ಅತ್ತಿ!" ಎಂದೆ.

ಇಲ್ಲಿಗೆ ನಿಲ್ಲಿಸಿ ಸುಮ್ಮನಿದ್ದರೆ ಏನಾಗುತ್ತಿತ್ತು? ಆದರೆ ಮೆಚ್ಚಿಸಬೇಕೆಂಬ ಹುಮ್ಮಸ್ಸಿನಲ್ಲಿ ಚಾಳೀಸು ತೆಗೆದು ಕೈಗಿಟ್ಟೆ! ಆಕೆ ಮೂಗಿಗೇರಿಸಿ ಮೊದಲು ನನ್ನನ್ನು ನೋಡಿದಳು. "ಏನಲೇ, ಇಷ್ಟು ಮುದಕ ಆಗೀದಿ?" ಎಂದಳು. ಗೋಡೆ ನೋಡಿದಳು, "ಸುಣ್ಣ ಯಾವಾಗ ಹೊಡದಿದ್ರಿ?" ಎಂದಳು. ಆಮೇಲೆ ಕಂಬಳಿ ನೋಡಿದಳು. ಬಹಳ ಹೊತ್ತು ನೋಡಿದಳು. ಚಾಳೀಸು ತೆಗೆದು ನೋಡಿದಳು, ಮತ್ತೆ ಹಾಕಿ ನೋಡಿದಳು.

"ಈ ಚಾಳೀಸು ಖೋಟಾ ಅದ."

"ಯಾಕತ್ತಿ?"

"ನೆಟ್ಟಗಿದ್ದದ್ದು ಸೊಟ್ಟ ಕಾಣಸ್ತದ. ಯಾರ ವಯಸ್ಸು ಹೇಳಿ ತಂದೀ?"

"ನಿಂದ. ಅರವತ್ತು."

"ಅರವತ್ತು ನಿಮ್ಮಪ್ಪಗ! ನನಗ ಐವತ್ತೆರಡು." ಈಕೆ ನನ್ನ ಅಪ್ಪನ ಅಕ್ಕ ಎಂಬುದನ್ನು ದಯವಿಟ್ಟು ಗಮನಿಸಿ. "ಅರವತ್ತರ ಚಾಳೀಸು ಐವತ್ತೆರಡರ ಕಣ್ಣಿಗಿ ಹಾಕಿದ್ರ ಸೊಟ್ಟ ಕಾಣಲಾರದ ಏನು ಮಾಡೀತು? ನಡಿ, ವಾಪಸ್ ಮಾಡೂಣು. ಕಂಬಳಿನೂ ತಗೋ, ಸಾಕ್ಷಿ ಬೇಕಾಗ್ತದ."

ಈಗ ತಿಳಿಯಿತೆ ನನ್ನ ಫಜೀತಿ? ಚಾಳೀಸು ಖೋಟಾ ಆಗಿದ್ದರೆ ಮೂರು ರೂಪಾಯಿ ಹೋಗುತ್ತಿತ್ತು, ಅಷ್ಟೇ. ಆದರೆ ಅದು ಸಾಚಾ. ಅದು ನನಗೆ ಗೊತ್ತು, ಹೆಂಡತಿಗೆ ಗೊತ್ತು, ಬಾಗಿಲಿಗೆ ಬಂದ ಹಾಲಿನವಳಿಗೆ ಗೊತ್ತು. ನಲವತ್ತು ವರ್ಷ ನೇಯ್ದ ಕೈಯ ಕಡೆಯ ಕಂಬಳಿ ಸೊಟ್ಟಗಾಗಿದೆ ಎಂದು ಅತ್ತೆಗೊಬ್ಬಳಿಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಆದ್ದರಿಂದ ನಾನೊಂದು ಯೋಜನೆ ಮಾಡಿದೆ. ಅಂಗಡಿಯವ ಏನು ಬೇಕಾದರೂ ಮುರಿದುಕೊಳ್ಳಲಿ, ಬೈಯಲಿ, ಬೇಕಾದರೆ ರೊಕ್ಕವನ್ನೇ ಕೊಡದಿರಲಿ, ಚಾಳೀಸೊಂದನ್ನು ಬಾಯಿ ಮುಚ್ಚಿಕೊಂಡು ವಾಪಸ್ ತೆಗೆದುಕೊಂಡರೆ ಸಾಕು. ಅತ್ತೆ ಗೆದ್ದೆ ಎಂದುಕೊಂಡು ಊರಿಗೆ ಹೋಗಲಿ.

ಮೋಟಾರಿನಲ್ಲಿ ಎದುರು ಕುಳಿತವನೊಬ್ಬ ಸುಮ್ಮನಿರಲಾರದೆ, "ರಾಯಚೂರಿಗೇನವ್ವಾ?" ಎಂದ. ಆ ಮೋಟಾರು ರಾಯಚೂರಿಗಲ್ಲದೆ ಇನ್ನೆಲ್ಲಿಗೂ ಹೋಗುವುದಿಲ್ಲ.

"ಯಾಕ?" ಎಂದಳು ಅತ್ತೆ.

ಅವನು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡತೊಡಗಿದ. ಅತ್ತೆ ನನ್ನ ಕಿವಿಯಲ್ಲಿ, "ಅಂಗಡಿಯವನ ಮಂದಿ ಇರಬೇಕು" ಎಂದಳು. ನಗಬೇಡಿ, ನನಗೂ ಹಾಗೇ ಅನ್ನಿಸಿತ್ತು.

ಅಂಗಡಿ ತೆರೆದಿತ್ತು. ಗಡಿಯಾರ, ಪೆನ್ನು, ಚಾಳೀಸು ಮಾರುವ ಸಣ್ಣ ಅಂಗಡಿ. ಬಾಗಿಲ ಮೇಲೆಯೇ ಉರ್ದುವಿನಲ್ಲಿ ದಪ್ಪಕ್ಷರದ ಹಲಗೆ: ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ. ನನ್ನ ಕಾಲು ಅಲ್ಲೇ ನಿಂತವು.

"ಅದೇನು ಬರದದಲೇ?" ಎಂದಳು ಓದು ಬಾರದ ಅತ್ತೆ.

"ಬರ್ರಿ, ಕೂಡ್ರಿ ಅಂತ ಬರದದ ಅತ್ತಿ."

ಅತ್ತೆ ನೇರವಾಗಿ ಒಳಗೆ ಹೋಗಿ ಅಂಗಡಿಯವನ ಬಿಳಿ ಗಾದಿಯ ಮೇಲೆ, ಅವನ ಪಕ್ಕದಲ್ಲೇ, ಗಂಟು ಸಮೇತ ಕುಳಿತುಬಿಟ್ಟಳು!

"ಏಯ್, ಏಳು ಏಳು! ಗಾದಿ ಮ್ಯಾಲ ಯಾರ ಕೂಡು ಅಂದ್ರು ನಿನಗ? ಆ ಕಂಬಳಿ ತಗದು ಹೊರಗಿಡು, ತುಪ್ಪಳ ಉದರ್ತದ!"

"ಎಂಥ ಮನಷ್ಯಾ ಅಪ್ಪಾ ನೀನು! ಬಾಗಲದಾಗ ಬರ್ರಿ ಕೂಡ್ರಿ ಅಂತ ಬರದು, ಒಳಗ ಏಳು ಅಂತಿಯಲ್ಲ!"

ಅಂಗಡಿಯವ ಹಲಗೆ ನೋಡಿದ, ನನ್ನನ್ನು ನೋಡಿದ. ನಾನು ಗಡಿಯಾರಗಳನ್ನು ನೋಡಿದೆ. ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು.

ಚಾಳೀಸು ವಾಪಸ್ ಎಂದೆ. ಅವನು ನಕ್ಕ. ಆ ನಗೆಯನ್ನು ನಾನು ಬಲ್ಲೆ. ಹುಡುಗರ ತಪ್ಪು ಲೆಕ್ಕ ನೋಡಿ ನಾನೂ ಹಾಗೇ ನಗುತ್ತೇನೆ. "ಮಾಸ್ತರ್ರ ಮುಖ ನೋಡಿ ತಗೋತೀನಿ" ಎಂದು ಬೆರಳು ಮಡಚತೊಡಗಿದ. "ಡಬ್ಬಿ ಬಿಚ್ಚಿದ್ದಕ್ಕ ನಾಕಾಣೆ. ಗಾಜು ಒರಸಾಕ ಎರಡಾಣೆ. ಆರು ದಿನ ನೋಡೀರಿ, ನೋಡಿದ್ದಕ್ಕ ಕೂಲಿ ಎಂಟಾಣೆ."

"ಆಗಲಿ!" ಎಂದೆ ನಾನು, ಉಸಿರು ತಿರುಗುವ ಮೊದಲೇ.

"ಏನಾಗಲಿ? ಸುಮ್ಮನಿರಲೇ!" ಅತ್ತೆ ಮೊಣಕೈಯಿಂದ ತಿವಿದಳು. "ನೋಡಿದ್ದಕ್ಕ ಕೂಲಿ? ನೋಡಿದ್ದು ನನ್ನ ಕಣ್ಣು! ದುಡದದ್ದು ಅವು. ಕೂಲಿ ಕೊಡೂದಾದ್ರ ನನಗ ಕೊಡು. ಅದೂ ಖೋಟಾ ಚಾಳೀಸು!"

ಕೂಲಿ ಎಂದಾಗ ಸುಮ್ಮನಿದ್ದವನು ಖೋಟಾ ಎಂದಾಗ ಕೆಂಪಾದ. ನಾನು ಹಿಂದಿನಿಂದ ಕೈಸನ್ನೆ ಮಾಡಿದೆ, ಜೇಬು ತೋರಿಸಿದೆ, ತುಟಿಯ ಮೇಲೆ ಬೆರಳಿಟ್ಟೆ. ಅವನು ಅದನ್ನು ಏನೆಂದು ತಿಳಿದನೋ, ನನ್ನ ಮೇಲೇ ಹೆಚ್ಚು ಅನುಮಾನಪಟ್ಟ. ಒಂದು ಹರಿವಾಣದ ತುಂಬ ಚಾಳೀಸು ತಂದು ಮುಂದಿಟ್ಟು, "ನೋಡು! ಒಂದೊಂದ ಹಾಕ್ಕೊಂಡು ನೋಡು!" ಎಂದ. ಅತ್ತೆ ಬಾಗಿಲ ಬೆಳಕಿಗೆ ಕಂಬಳಿ ಬಿಚ್ಚಿ ಒಂದೊಂದೇ ಹಾಕಿ ನೋಡಿದಳು. ಮೊದಲನೆಯದರಲ್ಲಿ ಗೆರೆ ಸೊಟ್ಟ. ಎರಡನೆಯದರಲ್ಲಿ ಸೊಟ್ಟ. ಐವತ್ತರ ಚಾಳೀಸಿನಲ್ಲೂ ಸೊಟ್ಟ.

"ಏಳಕ್ಕ ಏಳೂ ಖೋಟಾ! ರಾಯಚೂರಾಗ ಹೆಂಗ ಅಂಗಡಿ ಇಟ್ಟೀಯೋ ನೀನು?"

"ಯವ್ವಾ, ನನ್ನ ಚಾಳೀಸಿಗೇನಾಗಿಲ್ಲ. ನಿನ್ನ ಕಂಬ..."

ನಾನು ಕೆಮ್ಮಿದೆ. ಎಂಥ ಕೆಮ್ಮು ಅಂತೀರಿ! ದಾರಿಯಲ್ಲಿ ಹೋಗುವವರು ನಿಂತು ನೋಡಿದರು, ಎದುರಿನ ಚಹಾದವ ನೀರು ತಂದುಕೊಟ್ಟ. ಅಂಗಡಿಯವ ಮಾತು ಮರೆತು ನನ್ನ ಬೆನ್ನು ತಟ್ಟಿದ. ಗೆದ್ದೆ ಎಂದುಕೊಂಡು ಕಣ್ಣೊರೆಸಿಕೊಂಡು ನೋಡಿದರೆ, ಅತ್ತೆ ನನ್ನನ್ನೇ ನೋಡುತ್ತಿದ್ದಳು. ಏಳನೆಯ ಚಾಳೀಸು ಇನ್ನೂ ಮೂಗಿನ ಮೇಲಿತ್ತು.

"ನಿನ್ನ ಹೆಗಲ ಮ್ಯಾಲಿಂದು ಕೊಡು" ಎಂದಳು.

"ಯಾಕತ್ತಿ? ಥಂಡಿ ಅದ..."

"ಕೊಡಲೇ."

ಆಕೆಯೇ ಎಳೆದುಕೊಂಡಳು. ನನ್ನ ಮದುವೆಯ ಕಂಬಳಿಯನ್ನು ಹೊಸದರ ಪಕ್ಕಕ್ಕೆ ಹಾಸಿದಳು. ಎಷ್ಟಾದರೂ ತಹಕೀಕಾತು ಮಾಡಿ ಪಳಗಿದವಳು; ಸಾಕ್ಷಿಗೆ ಸಾಕ್ಷಿ ಇಟ್ಟು ನೋಡುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಗ್ಗಿ ನೋಡಿದಳು. ಹಳೆಯ ಕಂಬಳಿಯ ಮೂರು ಬಿಳಿ ಗೆರೆ ಈ ತುದಿಯಿಂದ ಆ ತುದಿಯವರೆಗೆ ಪಟ್ಟಿ ಹಿಡಿದು ಎಳೆದಷ್ಟು ನೆಟ್ಟಗಿದ್ದವು.

ಅಂಗಡಿಯೊಳಗಿನ ಗಡಿಯಾರಗಳ ಸದ್ದು ಆಗಲೇ ನನಗೆ ಕೇಳಿಸಿದ್ದು.

ಅತ್ತೆ ಹೊಸ ಕಂಬಳಿಯ ಅಂಚಿನ ಮೇಲೆ ಬೆರಳಾಡಿಸಿ ಒಂದು ಗಂಟಿನ ಹತ್ತಿರ ನಿಲ್ಲಿಸಿದಳು. ಮತ್ತೊಂದು ಗಂಟು. ಇನ್ನೊಂದು. ಆಮೇಲೆ ಎರಡನ್ನೂ ಮಡಚಿದಳು. ಹರಿವಾಣದ ಚಾಳೀಸನ್ನು ತೆಗೆದಿಟ್ಟು, ನಾನು ತಂದಿದ್ದ ಅರವತ್ತರ ಚಾಳೀಸನ್ನೇ ತೆಗೆದು ಹಾಕಿಕೊಂಡಳು. ಸೊಂಟದ ಸಂಚಿ ಬಿಚ್ಚಿದಳು.

"ಎಷ್ಟಂದೀಯಪ್ಪಾ, ನೋಡಿದ್ದಕ್ಕ?"

ಅಂಗಡಿಯವ ನನ್ನ ಮುಖ ನೋಡಿದ. ಈ ಸಲ ಅವನಿಗೆ ನನ್ನ ಕೆಮ್ಮು ಅರ್ಥವಾಗಿತ್ತೆಂದು ಕಾಣುತ್ತದೆ. "ಬಿಡವ್ವಾ" ಎಂದ, ದನಿ ಇಳಿಸಿ. "ವಾಪಸ್ ಮಾಡಿದ್ರ ಮಾತ್ರ ಕೂಲಿ. ಇಟಗೊಂಡ್ರ ಇಲ್ಲ. ಕೂಡು, ಚಹಾ ತರಸ್ತೀನಿ."

"ನೋಡೀನಲ್ಲಪ್ಪಾ. ತಗೋ."

ಎಂಟಾಣೆಯನ್ನು ಅವನ ಗಾದಿಯ ಮೇಲಿಟ್ಟು ಹೊರಗೆ ನಡೆದಳು.

ಮೋಟಾರಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಬೇವಿನ ಮರದ ಕಟ್ಟೆಯ ಮೇಲೆ ಕುಳಿತೆವು. ಭಾಳ ಚಂದ ಆಗ್ಯದ ಎಂದವನು ನಾನೇ ಅಲ್ಲವೆ? ಇನ್ನು ಯಾವ ಬಾಯಿಂದ ಏನು ಹೇಳಲಿ!

"ಮದಿವಿಗಿ ಹಳೇದ ಹಾಸ್ರಿ" ಎಂದಳು ಅತ್ತೆ. "ಅದೂ ನಾ ನೇದದ್ದ ಅದ. ನೆಟ್ಟಗದ."

"ಹೊಸಾದ ಹಾಸ್ತೀವಿ."

"ಸೊಟ್ಟ ಅದಲ್ಲೋ."

"ಇರಲಿ."

"ಯಾರರ ನನಗ ಇಂಥಾದ್ದು ಕೊಟ್ಟಿದ್ರ ನಾ ವಾಪಸ್ ಮಾಡತಿದ್ನಿ. ನೀನೂ ಮಾಡು."

"ಮಾಡೂದಿಲ್ಲ. ನೀ ಮಡಚೋ ಕೂಲಿ ಕೇಳಿದ್ರ ಏನು ಮಾಡ್ಲಿ?"

ನಗುತ್ತಾಳೆಂದುಕೊಂಡೆ. ನಗಲಿಲ್ಲ. "ಮಂದಿ ನೋಡ್ತಾರ" ಎಂದಳು.

"ಅತ್ತಿ, ಮದಿವಿಗಿ ಯಾರೂ ಚಾಳೀಸು ಹಾಕ್ಕೊಂಡು ಬರೂದಿಲ್ಲ ತಗೋ."

ಆಕೆ ಚಾಳೀಸಿನೊಳಗಿಂದ ನನ್ನನ್ನು ನೋಡಿದಳು. ನಾನು ಮುದುಕನಾದದ್ದು ಮತ್ತೊಮ್ಮೆ ಕಂಡಿರಬೇಕು. "ಸುಳ್ಳ ಹೇಳೂದು ಚಂದ ಕಲತೀದಿ" ಎಂದು ನನ್ನ ಹೆಗಲಿಗೆ ಹಳೆಯ ಕಂಬಳಿ ಹೊದಿಸಿ, ಅಂಚು ಜಗ್ಗಿ ಸರಿಮಾಡಿದಳು.

ಮೋಟಾರು ಬಂತು. ಜಾಗ ಸಿಕ್ಕಿತು. ಅತ್ತೆ ಹೊಸ ಕಂಬಳಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು, ಬರುವಾಗ ಇಟ್ಟುಕೊಂಡಿದ್ದ ಹಾಗೆಯೇ. ಕಂಡಕ್ಟರ ಬಂದು ಟಿಕೀಟು ಹರಿದು, ಗಂಟಿನತ್ತ ಬೆರಳು ಮಾಡಿ, "ಇದಕ್ಕ ಬ್ಯಾರೆ ಎರಡಾಣೆ" ಎಂದ. ಬರುವಾಗ ಯಾರೂ ಕೇಳಿರಲಿಲ್ಲ! ತೊಡೆಯ ಮೇಲಿನ ಗಂಟಿಗೆ ಲಗೇಜು ಯಾವ ಕಾಯಿದೆಯಲ್ಲಿದೆ? ನಾನು ಅತ್ತೆಯ ಕಡೆ ತಿರುಗಿದೆ. ದಿನವಿಡೀ ಯಾವ ಜಗಳಕ್ಕೆ ಹೆದರಿ ಬೆವತಿದ್ದೆನೋ ಆ ಜಗಳಕ್ಕಾಗಿ ಈಗ ಉಸಿರು ಹಿಡಿದು ಕಾದೆ.

ಅತ್ತೆ ಸಂಚಿ ಬಿಚ್ಚಿ ಎರಡಾಣೆ ತೆಗೆದು ಕೊಟ್ಟಳು. ಯಾತಕ್ಕೆ ಎಂದು ಕೇಳಲಿಲ್ಲ.